ಅಬೆಲಾರ್ದೋನ ಎರಡು ಹಾಸಿಗೆ ಕೋಣೆ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಒತೀಲಿಯಾ ಆಡಿದ ಮಾತು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಪಿಯೆದ್ರಾಗೋರ್ದಾ ಊರಿನ ಒಂದೊಂದು ಮನೆಯವರೂ ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು.

ನಾಲ್ಕು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಒತೀಲಿಯಾ ಬೊಗೋಟಾದಿಂದ ಓಡೋಡಿ ಬರುವಷ್ಟರಲ್ಲಿ ಶವಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಹೊಡೆಸಿದವಳು ಅಕ್ಕ ಎರ್ಮಿಂಡಾ. ಹೆತ್ತ ತಾಯಿಯ ಮುಖ ಕೊನೆಯ ಸಲ ನೋಡುವ ಭಾಗ್ಯವೂ ತಂಗಿಗೆ ಸಿಗಲಿಲ್ಲ. ಇನ್ನೊಂದಿಷ್ಟು ಹೊತ್ತು ಕಾದಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಯಾಕೆ ಕಾಯಲಿಲ್ಲ ಅಂದರೆ ಎರ್ಮಿಂಡಾ ಬಾಯಿಗೆ ಬೀಗ ಹಾಕಿಕೊಂಡಳು. ಸತ್ತವರ ಆತ್ಮಕ್ಕಾಗಿ ಒಂಬತ್ತು ರಾತ್ರಿ ಹೇಳುವ ಜಪಮಾಲೆ ಮುಗಿಯುವ ತನಕ ಒತೀಲಿಯಾ ಹಲ್ಲು ಕಚ್ಚಿಕೊಂಡಿದ್ದಳು. ಕೊನೆಯ ರಾತ್ರಿ, ನೆರೆದವರಿಗೆಲ್ಲ ಬಿಸಿ ಬೆಲ್ಲದ ನೀರು ಹಂಚುತ್ತಿದ್ದಾಗ, ಲೋಟಗಳಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, ಊರಿಗೆ ಊರೇ ಕೇಳುವಂತೆ ಅಂದುಬಿಟ್ಟಳು: "ಇನ್ನು ನೀನಿರೋ ಸೂರಿನ ಕೆಳಗೆ ನಾನು ಒಂದು ರಾತ್ರಿನೂ ಮಲಗಲ್ಲ. ಬರಲೇಬೇಕಾಗಿ ಬಂದ್ರೆ ಹೋಟೆಲಲ್ಲಿ ಇರ್ತೀನಿ!"

ಈಗ ಬರಲೇಬೇಕಾಗಿ ಬಂದಿತ್ತು. ಹೂಳಿದ ಶವವನ್ನು ಆ ಊರಿನಲ್ಲಿ ನಾಲ್ಕು ವರ್ಷಕ್ಕೆ ಹೊರಗೆ ತೆಗೆಯುತ್ತಾರೆ. ಮನೆಯವರು ಮೂಳೆ ತೊಳೆದು, ಬಿಳಿ ಬಟ್ಟೆಯಲ್ಲಿಟ್ಟು, ಸಣ್ಣ ಪೆಟ್ಟಿಗೆಗೆ ಹಾಕಿ ಸ್ಮಶಾನದ ಗೋಡೆಯ ಗೂಡು ಸೇರಿಸಬೇಕು. ಖಾಲಿಯಾದ ಗುಂಡಿ ಮುಂದೆ ಸಾಯುವವರದ್ದು. ಬುಧವಾರ ಬೆಳಗಾಗುತ್ತಲೇ ಗುಂಡಿ ತೆಗೆಯುತ್ತೇವೆ ಎಂದು ಚರ್ಚಿನ ಕಚೇರಿಯಿಂದ ಫೋನು ಬಂತು. ಅಕ್ಕನಿಂದ ಬರಲಿಲ್ಲ. ಬೊಗೋಟಾದ ಮೊದಲ ಬಸ್ಸು ಊರು ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ. ಹಾಗಾಗಿ ಮಂಗಳವಾರವೇ ಹೋಗಿ ಒಂದು ರಾತ್ರಿ ಉಳಿಯದೆ ಬೇರೆ ದಾರಿಯಿರಲಿಲ್ಲ. ಮುಖವಂತೂ ಹೋಯಿತು, ಮೂಳೆಯನ್ನಾದರೂ ತನ್ನ ಕೈಯಾರೆ ತೊಳೆಯಬೇಕು. ಅದೂ ತಪ್ಪಿದರೆ ತಾನು ಮಗಳಾಗಿ ಹುಟ್ಟಿದ್ದೇ ದಂಡ ಅಂತ ಒತೀಲಿಯಾ ತನಗೆ ತಾನೇ ಹೇಳಿಕೊಂಡಿದ್ದಳು.

"ಹುಟ್ಟಿದ ಊರಲ್ಲಿ ಹೋಟೆಲ್ ರೂಮು ಹುಡುಕೋಳು ಇಡೀ ಬೊಯಾಕಾ ಸೀಮೆಯಲ್ಲಿ ನೀನೊಬ್ಬಳೇ ಕಣಮ್ಮಾ," ಅಂದಳು ಮಗಳು ಯೇಮಿ. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅಮ್ಮ ಮಗಳು ಎದುರುಬದುರು ಮೆಷಿನ್ನಿಗೆ ಕೂತಿದ್ದರು. "ದೊಡ್ಡಮ್ಮನ ಮನೆಗೆ ಹೋಗಬಾರದಾ?"

"ನೀನು ಕಾಲರು ಹೊಲಿ," ಅಂದಳು ಒತೀಲಿಯಾ.

ಮೊದಲು ಫೋನು ಮಾಡಿದ್ದು ಬೇಕರಿಯ ಮಹಡಿ ಮೇಲೆ ನಾಲ್ಕು ಕೋಣೆ ಬಾಡಿಗೆಗೆ ಕೊಡುವ ಲಿಹಿಯಾಗೆ. ಲಿಹಿಯಾ ಎಂದರೆ ಎರ್ಮಿಂಡಾಳ ಮಗನಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತ ಜ್ಞಾನತಾಯಿ, ಒತೀಲಿಯಾಗೆ ಶಾಲೆಯ ಗೆಳತಿ. ಅವಳ ಸಂಭ್ರಮ ಹೇಳತೀರದು.

"ಬಾರೇ ಬಾರೇ! ಮೂಳೆ ತೆಗೆಯೋಕೆ ಬರ್ತಿದೀಯ ಅಲ್ವಾ? ನಿನಗೆ ಅಂತ ಚೀಸ್ ಬನ್ನು ಎತ್ತಿಟ್ಟಿರ್ತೀನಿ."

"ಬನ್ನು ಆಮೇಲೆ. ರೂಮು ಬೇಕಿತ್ತು ಕಣೇ."

ಫೋನಿನ ಆಚೆ ಒಲೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು. "ರೂಮಾ? ಯಾರಿಗೆ?"

"ನನಗೆ."

"ನಿನ್ನ ತಲೆ ನೆಟ್ಟಗಿದೆಯೇನೇ? ಮೂರು ಬೀದಿ ಆಚೆ ಅಮ್ಮನ ಮನೆ ಇಟ್ಕೊಂಡು ನನ್ನ ಮಹಡಿ ಮೇಲೆ ಮಲಗ್ತೀಯಾ? ನಾಳೆ ಎರ್ಮಿಂಡಾ ನನ್ನ ಮುಖಕ್ಕೆ ಉಗೀತಾಳೆ. ನನ್ನ ತಂಗಿ ಹತ್ರ ರೂಮಿನ ಬಾಡಿಗೆ ಇಸ್ಕೊಂಡೆಯಾ ಅಂತಾಳೆ."

"ಕಾಸು ಜಾಸ್ತಿನೇ ತಗೋ."

"ಚಿನ್ನ ಕೊಟ್ರೂ ಬೇಡ. ಜ್ಞಾನತಾಯಿ ಆಗಿ ಇಂಥ ಕೆಲಸ ಮಾಡಿದ್ರೆ ಚರ್ಚಿಗೆ ಹೇಗೆ ಹೋಗಲಿ? ನಿನ್ನ ಜಗಳ ನಿಂದು, ನನ್ನ ರೂಮಿಗೆ ಯಾಕೆ ತರ್ತೀಯ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು. ಒತೀಲಿಯಾ ಫೋನನ್ನು ಬಟ್ಟೆಯ ರಾಶಿಯ ಮೇಲೆ ಎಸೆದಳು, ಮತ್ತೆ ತಾನೇ ಎತ್ತಿಕೊಂಡಳು.

ಬಸ್ಸು ನಿಲ್ಲುವ ಕಡೆಯ ಹೋಟೆಲಿನವನು ಪೂರ್ತಿ ಮಾತನ್ನೂ ಕೇಳಲಿಲ್ಲ. "ಬುಧವಾರ ಹುಡುಗರ ಸೈಕಲ್ ರೇಸು ಅಮ್ಮಾ. ಮೆಟ್ಟಿಲ ಮೇಲೂ ಹುಡುಗರೇ, ಬಚ್ಚಲಲ್ಲೂ ಸೈಕಲ್ಲೇ. ಕೋಣೆ ಇಲ್ಲ, ಮೂಲೇನೂ ಇಲ್ಲ." ಚೌಕದ ದೊಡ್ಡ ಹೋಟೆಲಿನ ಬಾಡಿಗೆ ಕೇಳಿಯೇ ಒತೀಲಿಯಾ ಎದೆ ಹಿಡಿದುಕೊಂಡಳು. ಆ ಕಾಸಿಗೆ ಬೊಗೋಟಾದಲ್ಲಿ ಒಂದು ತಿಂಗಳ ಅಕ್ಕಿ ಬೇಳೆ ಬರುತ್ತದೆ. ಪೆಟ್ರೋಲ್ ಬಂಕಿನ ಪಕ್ಕದ ಹೊಸ ಹೋಟೆಲಿನ ಹುಡುಗಿ ಮಾತ್ರ ಬಹಳ ಮರ್ಯಾದೆಯಿಂದ ಮಾತಾಡಿದಳು.

"ರೂಮು ಇದೆ ಮೇಡಂ. ಎಷ್ಟು ತಾಸಿಗೆ?"

"ತಾಸಿಗೆ ಅಂದ್ರೆ? ಇಡೀ ರಾತ್ರಿಗೆ."

"ಇಡೀ ರಾತ್ರೀನಾ!" ಹುಡುಗಿಯ ದನಿಯಲ್ಲಿ ಮೆಚ್ಚುಗೆ ಇತ್ತು. "ಜೊತೆಗೆ ಬರೋರ ಗಾಡಿ ಒಳಗೆ ನಿಲ್ಲಿಸಬೇಕಾ? ಪರದೆ ಇದೆ, ನಂಬರು ಯಾರಿಗೂ ಕಾಣಲ್ಲ."

"ಜೊತೆಗೆ ಯಾರೂ ಇಲ್ಲ. ನಾನೊಬ್ಬಳೇ."

"ಒಬ್ಬರೇ ಬಂದು ಏನು ಮಾಡ್ತೀರಾ ಮೇಡಂ?"

ಎದುರಿಗೆ ಕೂತಿದ್ದ ಯೇಮಿ ಹೊಲಿಗೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ಮೆಷಿನ್ನಿನ ಮೇಲೆ ಬಿದ್ದಳು. ಒತೀಲಿಯಾಗೆ ನಗು ಬರಲಿಲ್ಲ. ಮೈಯೆಲ್ಲ ಪರಚಿಕೊಳ್ಳುವ ಹಾಗಾಗಿತ್ತು. ಎಲ್ಲೆಲ್ಲಿಂದಲೋ ಬೆನ್ನಿಗೆ ಚೀಲ ಕಟ್ಟಿಕೊಂಡು ಬರುವ ಪರದೇಶಿಗಳಿಗೆ ಆ ಊರಿನಲ್ಲಿ ಹಾಸಿಗೆ ಸಿಗುತ್ತದೆ. ಅಲ್ಲೇ ಹುಟ್ಟಿ, ಅಲ್ಲೇ ಜಡೆ ಹೆಣೆಸಿಕೊಂಡು ಬೆಳೆದವಳಿಗೆ ಸಿಗುವುದಿಲ್ಲ.

ಉಳಿದದ್ದು ಸಂತೆಮಾಳದ ಹಿಂದಿನ ಅಬೆಲಾರ್ದೋನ ವಸತಿಗೃಹ. ಜಿಪುಣ ಅಬೆಲಾರ್ದೋ ಗೋಡೆಗೆ ಬಣ್ಣ ಹೊಡೆಸಿದ್ದನ್ನು ಕಂಡವರಿಲ್ಲ. ಒತೀಲಿಯಾ ಈ ಸಲ ಜಾಣತನ ಮಾಡಿದಳು. ಗಂಟಲು ಬದಲಿಸಿ, "ನಾನು ತುಂಹಾದಿಂದ, ಸೆನ್ಯೋರಾ ಪಿನ್ಸೋನ್ ಅಂತ," ಅಂದಳು.

"ಹೇಳಿ ಸೆನ್ಯೋರಾ. ಒಂದೇ ರೂಮು ಉಳಿದಿದೆ. ಎರಡು ಹಾಸಿಗೆಯದ್ದು. ಎರಡಕ್ಕೂ ಬಾಡಿಗೆ ಕೊಡಬೇಕು."

"ನಾನೊಬ್ಬಳು ಎರಡು ಹಾಸಿಗೆ ಮೇಲೆ ಹೇಗೆ ಮಲಗಲಿ? ಅರ್ಧ ರಾತ್ರಿ ಅಲ್ಲಿ, ಅರ್ಧ ರಾತ್ರಿ ಇಲ್ಲಿ ಮಲಗ್ಲಾ?"

"ನಿಮ್ಮಿಷ್ಟ. ನೀವು ಮಲಗದೇ ಇರೋ ಹಾಸಿಗೆ ಮೇಲೆ ನಾನು ಇನ್ನೊಬ್ಬರನ್ನ ಮಲಗಿಸೋಕೆ ಆಗುತ್ತಾ? ಅದರ ಕಾಸು ಯಾರು ಕೊಡ್ತಾರೆ?"

ಒತೀಲಿಯಾ ಚೌಕಾಸಿ ಮಾಡಿದಳು. ಬೇಡಿಕೊಂಡಳು. ಒಂದು ಕಂಬಳಿ ಕಡಿಮೆ ಕೊಟ್ಟರೂ ಸರಿ ಅಂದಳು. ಅವನು ಜಗ್ಗಲಿಲ್ಲ. ಕೊನೆಗೆ ಎರಡೂ ಹಾಸಿಗೆಯ ಬಾಡಿಗೆಗೆ ಒಪ್ಪಿ, ಮುಂಗಡ ಫೋನಿನಲ್ಲೇ ಕಳಿಸಲಾ ಅಂದಳು.

"ಫೋನಿನ ಕಾಸು ನನಗೆ ಅರ್ಥ ಆಗಲ್ಲ. ಬಂದು ಕೈಯಲ್ಲಿ ಕೊಡಿ. ಊಟದ ಹೊತ್ತಿನ ತನಕ ಇಟ್ಟಿರ್ತೀನಿ. ಆಯ್ತಾ ದೋನ್ಯಾ ಒತೀಲಿಯಾ? ಎರ್ಮಿಂಡಾಗೂ ಹೇಳ್ತೀನಿ ಬಿಡಿ, ನಿಮ್ಮ ಗಂಟಲು ಕೆಟ್ಟಿದೆ ಅಂತ."

ಮಂಗಳವಾರ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಆದರೆ ಊರು ಇನ್ನೊಂದು ಗುಡ್ಡದಾಚೆ ಇದೆ ಅನ್ನುವಾಗ ಪೊಲೀಸಿನವನು ಅಡ್ಡ ನಿಂತ. ಮರುದಿನದ ರೇಸಿನ ಹುಡುಗರು ಏರು ಹತ್ತುವ ಅಭ್ಯಾಸ ಮಾಡುತ್ತಿದ್ದರು. ಬಸ್ಸಿನವರೆಲ್ಲ ಕೆಳಗಿಳಿದು, ಕುರಿತುಪ್ಪಟದ ರುವಾನಾ ಹೊದ್ದುಕೊಂಡು, ರಸ್ತೆಯ ಅಂಚಿನಲ್ಲಿ ನಿಂತು ಕೇಕೆ ಹಾಕಿದರು. ಡ್ರೈವರನೇ ಎಲ್ಲರಿಗಿಂತ ಜೋರು.

"ಆಮೇಲೆ ಕಿರುಚಬಹುದು ಕಣಪ್ಪಾ, ನನಗೆ ರೂಮು ಹೋಗುತ್ತೆ!" ಅಂದಳು ಒತೀಲಿಯಾ.

"ಇಂಥ ಹುಡುಗರನ್ನ ನೋಡೋಕೆ ಪುಣ್ಯ ಬೇಕಮ್ಮಾ," ಅಂದ ಡ್ರೈವರು. "ರೂಮು ಎಲ್ಲಿ ಹೋಗುತ್ತೆ? ಅದಕ್ಕೇನು ಚಕ್ರ ಇದೆಯಾ?"

ಚಕ್ರ ಇತ್ತೋ ಏನೋ, ರೂಮು ಹೋಗಿತ್ತು. ಚೀಲ ಹೊತ್ತು ಏದುಸಿರು ಬಿಡುತ್ತ ಬಂದವಳ ಮುಂದೆ ಅಬೆಲಾರ್ದೋ ಬೀಗದ ಕೈಗಳ ಹಲಗೆ ತೋರಿಸಿದ. ಎಲ್ಲ ಮೊಳೆಗಳೂ ಖಾಲಿ.

"ಊಟದ ಹೊತ್ತು ದಾಟಿತು ದೋನ್ಯಾ ಒತೀಲಿಯಾ. ಬೇರೆಯವರು ಬಂದು ಕೈಯಲ್ಲಿ ಕಾಸಿಟ್ಟರು. ಎರಡು ಹಾಸಿಗೆಯದ್ದೂ. ಚೌಕಾಸಿನೂ ಮಾಡಲಿಲ್ಲ."

"ಯಾರದು?"

"ಈ ಊರಿನವರೇ. ಹೆಸರು ಹೇಳಬೇಡ ಅಂದಿದಾರೆ."

ಒತೀಲಿಯಾಳ ನೆತ್ತಿಗೆ ಪಿತ್ತ ಏರಿತು. "ಊರಿನವರಿಗೆ ಊರಲ್ಲೇ ರೂಮು ಯಾಕೆ? ಎರಡು ಹಾಸಿಗೆ ಬೇರೆ! ನನಗೆ ಗೊತ್ತಾಗಲ್ವಾ? ಪಾಪದ ಕೆಲಸಕ್ಕೆ ಪೆಟ್ರೋಲ್ ಬಂಕಿನ ಪಕ್ಕ ಜಾಗ ಮಾಡಿಕೊಟ್ಟಿದಾರಲ್ಲ, ಅಲ್ಲಿ ಪರದೆನೂ ಇದೆ. ಅಲ್ಲಿಗೆ ಹೋಗೋಕೇನು ರೋಗ ಆ ಬಜಾರಿಗೆ? ನಾನು ನನ್ನ ತಾಯಿ ಮೂಳೆ ತೊಳೆಯೋಕೆ ಬಂದವಳು!"

ಅಬೆಲಾರ್ದೋ ಕೆಮ್ಮಿದ. ಏನೋ ಹೇಳಲು ಹೋದವನು ಬಾಯಿ ಮುಚ್ಚಿಕೊಂಡು ಮೆಟ್ಟಿಲ ಕಡೆ ನೋಡಿದ. "ಮೆತ್ತಗೆ ಮಾತಾಡಿ, ಮೇಲಕ್ಕೆ ಕೇಳುತ್ತೆ," ಅಂದ.

"ಕೇಳಲಿ!"

ಬೀದಿಗೆ ಬಂದಳು. ಬಿಸಿಲು ಗುಡ್ಡದ ಹಿಂದೆ ಸರಿಯುತ್ತಿತ್ತು, ಥಂಡಿ ಕಾಲಿನಿಂದ ಮೇಲಕ್ಕೆ ಹತ್ತುತ್ತಿತ್ತು. ಚೌಕದ ತುಂಬ ಬಣ್ಣಬಣ್ಣದ ಚಡ್ಡಿಯ ಹುಡುಗರು. ಲಿಹಿಯಾ ಬೇಕರಿಯ ಬಾಗಿಲಿಗೇ ಬಂದು ಬಿಸಿ ಬನ್ನಿನ ಪೊಟ್ಟಣ ಕೈಗೆ ತುರುಕಿದಳು. ರೂಮಿನ ಮಾತೆತ್ತಿದರೆ, "ಮನೆಗೆ ಹೋಗೇ ಮಾರಾಯ್ತಿ, ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಅಂದಳು. ಚರ್ಚಿನ ಬೆಂಚಿನ ಮೇಲೆ ಕೂತು ಬೆಳಗು ಮಾಡೋಣ ಅಂದರೆ ಅದಕ್ಕೂ ಬೀಗ ಬಿತ್ತು. ಹೊತ್ತು ಇಳಿದ ಮೇಲೆ ಬಸ್ಸಿಲ್ಲ. ಒತೀಲಿಯಾ ಚೌಕದ ನಲ್ಲಿಯ ಪಕ್ಕ ಚೀಲದ ಮೇಲೆ ಕೂತಳು. ಅಳು ಬಂತು. ದುಃಖದ ಅಳುವಲ್ಲ ಅದು, ಬರೀ ಸಿಟ್ಟಿನದ್ದು. ಅಕ್ಕನ ಮೇಲೆ, ಅಬೆಲಾರ್ದೋನ ಮೇಲೆ, ಸೈಕಲ್ಲು ಕಂಡುಹಿಡಿದವನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಪೊಟ್ಟಣದ ಬನ್ನು ಮುಗಿದ ಮೇಲೆ ಒಂದು ಉಪಾಯ ಹೊಳೆಯಿತು. ಮಲಗಲ್ಲ ಅಂದಿದ್ದು ತಾನೇ? ಕೂರಲ್ಲ ಅಂದಿರಲಿಲ್ಲ. ಅಕ್ಕನ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಬೆಳಗಿನ ತನಕ ಕಣ್ಣು ಬಿಟ್ಟುಕೊಂಡು ಕೂತುಬಿಡುವುದು. ಒಂದು ಮಾತೂ ಆಡಬಾರದು, ಒಂದು ಲೋಟ ಬೆಲ್ಲದ ನೀರನ್ನೂ ಮುಟ್ಟಬಾರದು. ನೋಡಿಕೊಳ್ಳಲಿ ಎರ್ಮಿಂಡಾ.

ಮನೆಯ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ದೀಪ ಉರಿಯುತ್ತಿತ್ತು. "ನಾನು ಕೂರೋಕೆ ಬಂದಿದೀನಿ, ಮಲಗೋಕಲ್ಲ!" ಎಂದು ಹೊಸ್ತಿಲಲ್ಲೇ ನಿಂತು ಕೂಗಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಪಕ್ಕದ ಮನೆಯ ಮುದುಕಿ ತ್ರಾನ್ಸಿತೋ ಬೇಲಿಯ ಮೇಲಿಂದ ತಲೆ ಎತ್ತಿದಳು.

"ಅವಳಿಲ್ಲ ಕಣವ್ವಾ. ಮಧ್ಯಾಹ್ನವೇ ಚೀಲ ಹಿಡ್ಕೊಂಡು ಹೋದಳು. ಬಾಗಿಲು ತೆಗೆದಿದೆ ನೋಡ್ಕೊಂಡಿರು, ಒತೀಲಿಯಾ ಬರ್ತಾಳೆ ಅಂದಳು."

"ಎಲ್ಲಿಗೆ ಹೋದಳು?"

"ಹೋಟೆಲಿಗಂತೆ!" ಮುದುಕಿಗೆ ಈಗಲೂ ನಂಬಿಕೆ ಬಂದಿರಲಿಲ್ಲ. "ಮಂಡಿ ನೋವು ಇಟ್ಕೊಂಡು ಅಬೆಲಾರ್ದೋನ ಮೆಟ್ಟಿಲು ಹತ್ತೀಯೇನೇ ಅಂದೆ. ನಾನಿರೋ ಸೂರಿನ ಕೆಳಗೆ ಅವಳು ಮಲಗಲ್ಲ, ನಾನು ಇಲ್ಲದೇ ಇದ್ರೆ ಮಲಗ್ತಾಳೆ ಅಂದಳು. ನಿಮ್ಮಿಬ್ಬರಿಗೂ ಹುಚ್ಚು. ನಿಮ್ಮಮ್ಮನಿಗೂ ಇತ್ತು."

ಒತೀಲಿಯಾ ಚೀಲವನ್ನು ಅಲ್ಲೇ ಇಳಿಸಿದಳು. ಅಬೆಲಾರ್ದೋ ಯಾಕೆ ಕೆಮ್ಮಿದ ಅನ್ನುವುದು ಆಗ ತಿಳಿಯಿತು. ಬಜಾರಿ ಅಂದದ್ದು ಮೇಲಕ್ಕೆ ಕೇಳಿಸಿಯೇ ಇರುತ್ತದೆ.

ಅಮ್ಮನ ಕೋಣೆಯಲ್ಲಿ ಹಾಸಿಗೆ ಹಾಸಿತ್ತು. ಅಮ್ಮನದೇ ಕಂಬಳಿ, ಅಮ್ಮ ಮಡಿಸುತ್ತಿದ್ದ ಹಾಗೆಯೇ ಕಾಲ ಕಡೆ ಮಡಿಸಿತ್ತು. ಒಲೆಯ ಮೇಲೆ ಬೆಲ್ಲದ ನೀರು, ಬಟ್ಟೆ ಮುಚ್ಚಿದ ಮೆಕ್ಕೆಜೋಳದ ದಪ್ಪ ರೊಟ್ಟಿ, ಅರೇಪಾ. ಮೇಜಿನ ಮೇಲೆ ನಾಳೆಯ ಸಾಮಾನು: ಅಗಲವಾದ ಬೋಗುಣಿ, ಮೂಳೆ ತೊಳೆಯಲು ದ್ರಾಕ್ಷಾರಸದ ಬಾಟಲಿ, ಸಣ್ಣ ಪೆಟ್ಟಿಗೆ. ಅದರ ಪಕ್ಕದಲ್ಲಿ ಹೊಸ ಬಿಳಿ ಬಟ್ಟೆ. ಅದರ ಅಂಚು ಹೊಲಿದಿರಲಿಲ್ಲ. ಸೂಜಿ, ದಾರದ ಉಂಡೆ ಮೇಲಿಟ್ಟಿತ್ತು. ಎರ್ಮಿಂಡಾಗೆ ಅಂಚು ಮಡಿಸಿ ಹೊಲಿಯಲು ಬರುವುದಿಲ್ಲ ಅಂತಲ್ಲ. ಆ ಕೆಲಸವನ್ನು ಬೇಕೆಂತಲೇ ತಂಗಿಗೆ ಬಿಟ್ಟಿದ್ದಳು.

ಆ ಬಟ್ಟೆ ನೋಡಿ ಒತೀಲಿಯಾಗೆ ಮೊದಲು ಬಂದದ್ದು ಮತ್ತೆ ಸಿಟ್ಟೇ. ಇಲ್ಲೂ ಗೆದ್ದುಬಿಟ್ಟಳಲ್ಲ! ಮನೆ ಬಿಟ್ಟು ಹೋಗಿಯೂ ಇವಳದೇ ಮೇಲುಗೈ. ಈಗ ತಾನು ಈ ಮೆತ್ತನೆಯ ಹಾಸಿಗೆಯಲ್ಲಿ ಮಲಗಬೇಕಂತೆ, ಅಕ್ಕ ಅನ್ನಿಸಿಕೊಂಡವಳು ಅಲ್ಲಿ ಅಬೆಲಾರ್ದೋನ ತೆಳು ಕಂಬಳಿಯಲ್ಲಿ ಮಂಡಿ ಉಜ್ಜಿಕೊಳ್ಳಬೇಕಂತೆ. ಆ ಸಂಕಟದಲ್ಲಿ ನಿದ್ದೆ ಬರುತ್ತದೆಯೇ? ಕಂಬಳಿ ಎಳೆದು ಸುತ್ತಿದಳು. ಬಟ್ಟೆ, ಸೂಜಿ, ದಾರ, ಅರೇಪಾ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ದೀಪ ಆರಿಸಿ ಹೊರಬಿದ್ದಳು.

"ಎಲ್ಲಿಗೆ ಮತ್ತೆ?" ಅಂದಳು ತ್ರಾನ್ಸಿತೋ.

"ಹೋಟೆಲಿಗೆ!"

ಎರ್ಮಿಂಡಾ ಬಾಗಿಲು ತೆರೆದಾಗ ತಲೆಗೆ ಉಣ್ಣೆಯ ಶಾಲು ಸುತ್ತಿಕೊಂಡಿದ್ದಳು. ನಾಲ್ಕು ವರ್ಷದಲ್ಲಿ ಕುಗ್ಗಿಹೋಗಿದ್ದಳು. ತಂಗಿಯನ್ನೂ ಅವಳ ಕಂಕುಳಿನ ಕಂಬಳಿಯನ್ನೂ ನೋಡಿದಳು.

"ಬಾ ಬಜಾರಿ," ಅಂದಳು.

"ಅದು ನಿನಗೆ ಅಂತ ಗೊತ್ತಿರಲಿಲ್ಲ."

"ಗೊತ್ತಿದ್ರೆ ಇನ್ನೂ ಜೋರಾಗಿ ಅಂತಿದ್ದೆ." ಎರ್ಮಿಂಡಾ ಪಕ್ಕಕ್ಕೆ ಸರಿದಳು. "ಅಲ್ಲ, ನಾನಿರೋ ಸೂರಿನ ಕೆಳಗೆ ಮಲಗಲ್ಲ ಅಂದಿದ್ದೆಯಲ್ಲ?"

ಒತೀಲಿಯಾ ತಲೆ ಎತ್ತಿದಳು. ಮೇಲೆ ಹೆಂಚು ಸರಿದ ಕಡೆ ಆಕಾಶ ಕಾಣುತ್ತಿತ್ತು. "ಇದನ್ನ ಸೂರು ಅಂತಾರಾ?" ಅಂದಳು. ಖಾಲಿ ಹಾಸಿಗೆಯ ಮೇಲೆ ಚೀಲ ಎಸೆದು, ಕಂಬಳಿಯನ್ನು ಅಕ್ಕನ ಮಂಡಿಯ ಮೇಲೆ ಹೊದಿಸಿದಳು. "ಒಬ್ಬಳೇ ಬಂದು ಎರಡು ಹಾಸಿಗೆಗೆ ಯಾಕೆ ಕಾಸು ಕೊಟ್ಟೆ? ಅಬೆಲಾರ್ದೋನ ಜೊತೆ ಚೌಕಾಸಿ ಮಾಡೋಕೆ ಬಾಯಿರಲಿಲ್ವಾ?"

"ಮಾಡಬೇಕು ಅಂತಿದ್ದೆ," ಅಂದಳು ಎರ್ಮಿಂಡಾ. "ಆಮೇಲೆ, ಇರಲಿ, ನಿನ್ನ ಬುದ್ಧಿ ಹೇಗೆ ತಿರುಗುತ್ತೋ ಯಾರಿಗೆ ಗೊತ್ತು ಅನ್ನಿಸ್ತು."

ಇಬ್ಬರೂ ಎದುರುಬದುರು ಕೂತು ತಣ್ಣಗಾದ ಅರೇಪಾ ತಿಂದರು. ಒತೀಲಿಯಾ ಬಿಳಿ ಬಟ್ಟೆ ಹರಡಿಕೊಂಡು ಅಂಚು ಮಡಿಸತೊಡಗಿದಳು. ಒಂದು ಬದಿ ಮುಗಿದ ಮೇಲೆ, ಸೂಜಿಯಿಂದ ಕಣ್ಣು ತೆಗೆಯದೆ, ನಾಲ್ಕು ವರ್ಷದಿಂದ ಕೊರೆಯುತ್ತಿದ್ದುದನ್ನು ಕೇಳಿದಳು.

"ಯಾಕೆ ಮೊಳೆ ಹೊಡೆಸಿದೆ ಅಕ್ಕಾ?"

ಎರ್ಮಿಂಡಾ ಕಂಬಳಿಯನ್ನು ಮಂಡಿಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಕೆಳಗೆ ಸೈಕಲ್ ಹುಡುಗರು ಯಾವುದೋ ಹಾಡು ಹೇಳುತ್ತಿದ್ದರು.

"ಅಮ್ಮನ ಬಾಯಿ ಮುಚ್ಚಲಿಲ್ಲ ಕಣೇ," ಅಂದಳು. "ಕೊನೆಗೆ ಒತೀ, ಒತೀ ಅಂತ ನಿನ್ನನ್ನೇ ಕರೀತಿದ್ದಳು. ಹಾಗೇ ನಿಂತುಹೋಯ್ತು. ಬಟ್ಟೆ ಕಟ್ಟಿ ನೋಡಿದೆ, ಆಗಲಿಲ್ಲ. ನೀನು ಬಂದು ಆ ಬಾಯಿ ನೋಡಿದ್ರೆ, ಕೂಗಿ ಕೂಗಿ ಹೋದಳು ಅಂತ ಸಾಯೋ ತನಕ ಕೊರಗ್ತೀಯ. ನನ್ನ ಮೇಲೆ ಸಿಟ್ಟಾದ್ರೆ ಆಗು ಅಂದ್ಕೊಂಡೆ. ಸಿಟ್ಟು ಸುಲಭ."

ಒತೀಲಿಯಾಳ ಬೆರಳಿಗೆ ಸೂಜಿ ಚುಚ್ಚಿತು. ಬಟ್ಟೆಗೆ ರಕ್ತ ತಾಗದಂತೆ ಬೆರಳನ್ನು ಬಾಯಿಗಿಟ್ಟುಕೊಂಡಳು. "ಮೊದಲೇ ಹೇಳೋಕೇನಾಗಿತ್ತು ನಿನಗೆ!" ಅಂದಳು. ಆ ಮಾತಿನಲ್ಲಿ ಸಿಟ್ಟು ಇನ್ನೂ ಇತ್ತು. ನಾಲ್ಕು ವರ್ಷದ ಸಿಟ್ಟು ಒಂದು ಮಾತಿಗೆ ಇಳಿಯುವಂಥದ್ದಲ್ಲ. ಉಳಿದ ಮೂರು ಬದಿಯನ್ನೂ ಹೊಲಿದು ಮುಗಿಸಿ, ದಾರ ಕಚ್ಚಿ, ಅಕ್ಕನ ಪಕ್ಕದ ಹಾಸಿಗೆಯಲ್ಲಿ ಮಲಗಿಕೊಂಡಳು.

ಬೆಳಗ್ಗೆ ಮನೆಯಿಂದ ಬೋಗುಣಿ, ಬಾಟಲಿ, ಸಣ್ಣ ಪೆಟ್ಟಿಗೆ ಎತ್ತಿಕೊಂಡು ಇಬ್ಬರೂ ಸ್ಮಶಾನ ಮುಟ್ಟಿದಾಗ ಮಂಜು ಇನ್ನೂ ಕರಗಿರಲಿಲ್ಲ. ಗುಂಡಿ ತೆಗೆಯುವ ಪಾಚೋ ಶವಪೆಟ್ಟಿಗೆಯ ಕೊಳೆತ ಹಲಗೆ ಎತ್ತಿ, ಒಳಗೆ ಬಗ್ಗಿ, ಮೊದಲು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದ. ಅದನ್ನು ಹಿರಿಯ ಮಗಳ ಕೈಗೆ ಕೊಡುವುದು ಅಲ್ಲಿಯ ಪದ್ಧತಿ. ಅವನು ಎರ್ಮಿಂಡಾಳ ಕಡೆ ಚಾಚಿದ.

ಎರ್ಮಿಂಡಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಅವಳಿಗೆ ಕೊಡು," ಅಂದಳು. "ಮುಖ ನೋಡೋದು ಅವಳದ್ದು ಬಾಕಿ ಇದೆ."

ಒತೀಲಿಯಾ ಬಿಳಿ ಬಟ್ಟೆಯನ್ನು ಅಂಗೈ ಮೇಲೆ ಹಾಸಿ ತಲೆಯನ್ನು ಇಸಿದುಕೊಂಡಳು. ಹಣೆಯ ಮಣ್ಣು ಒರೆಸಿದಳು. ಆಮೇಲೆ ಅಕ್ಕನ ಕಡೆ ತಿರುಗಿ, ಬೋಗುಣಿಗೆ ದ್ರಾಕ್ಷಾರಸ ಸುರಿ ಅಂದಳು.